ವಿಮಾನದ ಪೆಟ್ಟಿಗೆಗೆ ಎರಡೇ ಗುಂಡಿ

ಚನ್ನರಾಯಪಟ್ಟಣ,
ದೇವನಹಳ್ಳಿ ತಾಲ್ಲೂಕು
9 ಜೂನ್ 2024, ಭಾನುವಾರ

ಪ್ರೀತಿಯ ಅಣ್ಣನಿಗೆ ವಾಣಿಯ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನೀನು, ಅತ್ತಿಗೆ, ಸಿಂಚನ ಎಲ್ಲರೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ. ಅಮ್ಮನ ಮಂಡಿನೋವು ಈಗ ಹೇಗಿದೆ? ನಿನ್ನ ಫೋನಿಗೂ ಸಿಂಚನ ಕಳಿಸಿದ ಎಂಟು ವಾಯ್ಸ್ ಮೆಸೇಜಿಗೂ ಹದಿನೈದು ದಿನ ಉತ್ತರ ಕೊಡದೆ ಕೂತಿದ್ದಕ್ಕೆ ಮೊದಲು ತಪ್ಪಾಯಿತು ಅನ್ನುತ್ತೇನೆ. ಈ ಕಾಲದಲ್ಲಿ ಕಾಗದ ಬರೆಯುವ ಹುಚ್ಚು ಯಾಕೆ ಅಂತ ನೀನು ನಗುತ್ತಿರಬಹುದು. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನೀನು "ಆಯ್ತ್ ಬಿಡಮ್ಮ" ಅಂದುಬಿಡುತ್ತೀಯ. ಕಾಗದಕ್ಕೆ ಹಾಗೆ ಅನ್ನಲು ಬರುವುದಿಲ್ಲ.

ಸಿಂಚನ ಅರಿಶಿನಕುಂಟೆಯಲ್ಲಿ ಹೈವೇ ಪಕ್ಕ ಕಾಫಿ ಅಂಗಡಿ ತೆಗೆಯುತ್ತಾಳೆ ಅಂತ ಕೇಳಿ ಖುಷಿಯಾಯಿತು. ಇಪ್ಪತ್ತೆರಡು ವರ್ಷಕ್ಕೆ ಸ್ವಂತ ಅಂಗಡಿ. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಇವಳೇ ಮೊದಲು. ಅದರ ಮೂಲೆಯಲ್ಲಿ ಹಳೇ ಕಾಲದ ಗೇಮ್ ಪೆಟ್ಟಿಗೆ ಒಂದು ಇರಬೇಕು, ಅದನ್ನು ನಾನೇ ಮಾಡಿಕೊಡಬೇಕು ಅಂತ ಹಟ ಹಿಡಿದಿದ್ದಾಳೆ. "ಅತ್ತೆ, ಸಿಟೀಲಿ ರೆಡಿಮೇಡ್ ಸಿಗುತ್ತೆ, ಆದ್ರೆ ಪ್ಲಾಸ್ಟಿಕ್ ಥರ ಇರುತ್ತೆ. ನೀನು ದಿನಾ ಇನ್ನೂರು ವೈರ್ ಕಟ್ತೀಯಲ್ಲ, ನಿಂಗೇನ್ ಕಷ್ಟ" ಅಂದಳು. ಕಷ್ಟವೇನೂ ಇಲ್ಲ. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷದಿಂದ ಕಾರಿನ ವೈರುಗಳನ್ನು ಜೋಡಿಸುತ್ತಿದ್ದೇನೆ. ಕಣ್ಣು ಮುಚ್ಚಿಕೊಂಡು ತುದಿ ಸುಲಿದು ಕ್ಲಿಪ್ಪು ಒತ್ತುತ್ತೇನೆ. ಡಿಪ್ಲೊಮಾ ಮಾಡಿಕೊಂಡು ನೇರವಾಗಿ ಬಂದ ಲೈನ್ ಲೀಡರ್‌ಗಳು ನಾಲ್ಕು ಜನ ಬದಲಾದರು. ನಾನು ಅದೇ ಬೆಂಚಿನಲ್ಲಿದ್ದೇನೆ.

ಮಾಡುತ್ತೇನೆ, ಅಣ್ಣ. ಒಪ್ಪಿಕೊಂಡೆ ಅಂತ ಅವಳಿಗೆ ಹೇಳು.

ಈ ನಡುವೆ ನಿನಗೆ ಒಂದೇ ಒಂದು ಮೆಸೇಜು ಮಾಡಿದ್ದೆ. ನಮ್ಮ ಅಂಗಡಿಯ ವಿಮಾನದ ಪೆಟ್ಟಿಗೆಗೆ ಎಷ್ಟು ಗುಂಡಿ ಇದ್ದವು ಅಂತ. ನೀನು "ಆರು" ಅಂತ ಕಳಿಸಿದೆ, ಜೊತೆಗೆ ಒಂದು ಹೆಬ್ಬೆಟ್ಟಿನ ಚಿತ್ರ. ಆರು ಗುಂಡಿ ಇದ್ದದ್ದು ಪಕ್ಕದ ಫೈಟಿಂಗ್ ಪೆಟ್ಟಿಗೆಗೆ. ವಿಮಾನದ ಪೆಟ್ಟಿಗೆಗೆ ಎರಡೇ ಗುಂಡಿ. ಒಂದು ಗುಂಡು ಹಾರಿಸಲು, ಒಂದು ಬಾಂಬು ಹಾಕಲು. ಬಾಂಬಿನ ಗುಂಡಿ ಸ್ವಲ್ಪ ಎಡಕ್ಕೆ ವಾಲಿಕೊಂಡಿತ್ತು, ಒತ್ತಿದರೆ ಅರ್ಧ ಕ್ಷಣ ತಡವಾಗಿ ಏಳುತ್ತಿತ್ತು. ಹೊಸಕೋಟೆ ಚಾಂಪಿಯನ್‌ಗೆ ತನ್ನ ಪೆಟ್ಟಿಗೆಯ ಗುಂಡಿ ಎಷ್ಟು ಅಂತ ಗೊತ್ತಿಲ್ಲ ಅಂದರೆ ಏನು ಹೇಳುವುದು!

ಚಾಂಪಿಯನ್ ಅಂತ ನಾನಾಗಿ ಅಂದದ್ದಲ್ಲ. ಸಿಂಚನ ಬೋರ್ಡಿನ ಫೋಟೊ ಕಳಿಸಿದ್ದಾಳೆ. "1997ರ ಹೊಸಕೋಟೆ ಚಾಂಪಿಯನ್, ಆರ್. ದೇವರಾಜ್" ಅಂತ ದಪ್ಪಕ್ಷರದಲ್ಲಿ ಬರೆಸಿ, ಮೇಲೆ ಮೂರು ಇಂಗ್ಲಿಷ್ ಅಕ್ಷರ ಹಾಕಿಸಿದ್ದಾಳೆ, ಡಿ ಇ ವಿ. ಮಗುವಿಗೆ ನೀನು ಹೇಳಿದ್ದನ್ನು ಮಗು ನಂಬಿದೆ. ಅವಳ ತಪ್ಪೇನಿಲ್ಲ.

ನಿನ್ನ ನೆನಪು ಎಷ್ಟು ಸರಿಯಿದೆ ಅಂತ ಗುಂಡಿಯ ಲೆಕ್ಕದಲ್ಲೇ ಗೊತ್ತಾಯಿತು. ಅದಕ್ಕೆ ನಿನಗೆ ಗೊತ್ತಿರುವುದನ್ನೇ ಒಮ್ಮೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹೊಸಕೋಟೆ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ ಎರಡು ಪೆಟ್ಟಿಗೆ ಇಟ್ಟು ಗೇಮ್ ಅಂಗಡಿ ಮಾಡಿದ್ದರು. ಕಸ ಗುಡಿಸುವುದು ನನ್ನ ಪಾಲಿನ ಕೆಲಸ. ಬೆಳಿಗ್ಗೆ ಆರಕ್ಕೆ ಗುಡಿಸಲು ಹೋದವಳು ಕಾಯಿನ್ ಬಾಗಿಲು ತೆಗೆದು, ಒಳಗಿನ ತಂತಿಯನ್ನು ಬೆರಳಲ್ಲಿ ಒತ್ತಿ, ಕಾಯಿನ್ ಇಲ್ಲದೆ ಆಡುತ್ತಿದ್ದೆ. ಒಂದು ದಿನ ನೀನು ನೋಡಿದೆ. ಅಪ್ಪನಿಗೆ ಹೇಳಲಿಲ್ಲ. ಬದಲಿಗೆ "ಲೇ ವಾಣಿ, ಹೆಸ್ರು ಕೇಳ್ದಾಗ ನಂದೇ ಹಾಕು, ನಿಂದ್ ಹಾಕಿದ್ರೆ ಅಪ್ಪಂಗೆ ಗೊತ್ತಾಯ್ತದೆ" ಅಂದೆ. ನನಗೆ ಅದು ನ್ಯಾಯ ಅನ್ನಿಸಿತು. ಅಣ್ಣ ನನ್ನನ್ನು ಕಾಪಾಡುತ್ತಿದ್ದಾನೆ ಅಂತಲೇ ಅಂದುಕೊಂಡೆ. ಒಂಬತ್ತು ಗಂಟೆಗೆ ಬಾಗಿಲು ತೆಗೆದಾಗ ಪರದೆಯ ಮೇಲಿನ ಸಾಲಿನಲ್ಲಿ ಡಿ ಇ ವಿ ಕೂತಿರುತ್ತಿತ್ತು. ಹುಡುಗರು "ದೇವ್ರೇ ಬಂದು ಆಡೋಗವ್ನೆ ಗುರು" ಅಂತ ನಿನ್ನ ಭುಜ ತಟ್ಟುತ್ತಿದ್ದರು. ನೀನು ಕಾಲರ್ ಸರಿ ಮಾಡಿಕೊಳ್ಳುತ್ತಿದ್ದೆ. ಕರೆಂಟು ಹೋದರೆ ಹೆಸರೂ ಅಳಿಸಿ ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ನಾನು ಮತ್ತೆ ನಿನ್ನನ್ನು ಚಾಂಪಿಯನ್ ಮಾಡುತ್ತಿದ್ದೆ.

ಪೆಟ್ಟಿಗೆ ಮಾಡಿಕೊಡುವುದಕ್ಕೆ ನನ್ನದು ಒಂದೇ ಷರತ್ತು. ಅಂಗಡಿ ತೆರೆಯುವ ದಿನ, ನಾಲ್ಕು ಜನ ಇರುವಾಗ, ಆ ಡಿ ಇ ವಿ ಅಂದರೆ ಯಾರು ಅಂತ ನೀನು ಹೇಳಬೇಕು. ಭಾಷಣ ಬೇಡ. "ಆಡ್ತಿದ್ದಿದ್ದು ನಮ್ ವಾಣಿ" ಅಂದರೆ ಸಾಕು. ಒಪ್ಪಿಗೆ ಇದ್ದರೆ ತಿಳಿಸು, ನಾನು ಮರ ತರುತ್ತೇನೆ.

ಅಮ್ಮನ ಕಾಲಿಗೆ ನನ್ನ ನಮಸ್ಕಾರ ಹೇಳು.

ನಿನ್ನ ತಂಗಿ,
ವಾಣಿಶ್ರೀ

ಚನ್ನರಾಯಪಟ್ಟಣ
18 ಆಗಸ್ಟ್ 2024, ಭಾನುವಾರ

ಪ್ರೀತಿಯ ಅಣ್ಣನಿಗೆ,

ನಮಸ್ಕಾರ. ಕಾಗದ ತಲುಪಿದ ದಿನವೇ ನೀನು ಫೋನ್ ಮಾಡಿ "ಆಯ್ತ್ ಬಿಡಮ್ಮ, ಹೇಳ್ತೀನಿ, ಅದೇನ್ ದೊಡ್ ವಿಷ್ಯ" ಅಂದೆ. ಅದೇ ಖುಷಿಯಲ್ಲಿ ಎರಡು ತಿಂಗಳು ಕೆಲಸ ಮಾಡಿದೆ, ಕಾಗದ ಬರೆಯುವುದು ಉಳಿದೇ ಹೋಯಿತು. ಕೋಪ ಮಾಡಿಕೊಳ್ಳಬೇಡ.

ಪೆಟ್ಟಿಗೆ ಎದ್ದು ನಿಂತಿದೆ. ನನ್ನ ಹತ್ತಿರ ನಕ್ಷೆ ಇರಲಿಲ್ಲ, ಹಳೇ ಪೆಟ್ಟಿಗೆಯ ಫೋಟೊ ಕೂಡ ಇಲ್ಲ. ಟೀವಿ ಬಂದಿದ್ದ ರಟ್ಟನ್ನು ಹಟ್ಟಿಯಲ್ಲಿ ಹರಡಿಕೊಂಡು, ಪಕ್ಕದ ಹಲಗೆಯ ಆಕಾರವನ್ನು ನೆನಪಿನಿಂದಲೇ ಗೀಚಿದೆ. ನಾನು ದಿನಾ ಗುಡಿಸಿದ ಪೆಟ್ಟಿಗೆ ಅದು. ಪೊರಕೆ ಎಲ್ಲಿ ತಾಕುತ್ತಿತ್ತು, ಒರೆಸುವ ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತಿತ್ತು ಎಲ್ಲ ಕೈಗೆ ಗೊತ್ತಿತ್ತು. ಗುಂಡಿ, ವಿಮಾನ ತಿರುಗಿಸುವ ಸ್ಟಿಕ್ಕು ಕೂರಿಸುವ ಹಲಗೆ ಆಗ ನನ್ನ ಎದೆಮಟ್ಟಕ್ಕೆ ಬರುತ್ತಿತ್ತು. ಅದಕ್ಕೆ ಈಗ ಎರಡು ಬೆರಳು ಕಳೆದೆ, ಆಮೇಲೆ ನಾನು ಬೆಳೆದಿದ್ದೇನೆ. ಬಾಂಬಿನ ಗುಂಡಿಯನ್ನು ಬೇಕೆಂದೇ ಸ್ವಲ್ಪ ಎಡಕ್ಕೆ ವಾಲಿಸಿದ್ದೇನೆ.

ಸಿಂಚನ ಅಂಗೈಯಗಲದ ಕಂಪ್ಯೂಟರ್ ಬೋರ್ಡು ಕಳಿಸಿದಳು, ಅದರೊಳಗೆ ಆ ವಿಮಾನದ ಆಟ ಇದೆ. ಪರದೆಗೆ ನಮ್ಮ ಮನೆಯ ಡಬ್ಬಾ ಟೀವಿಯನ್ನೇ ಬಿಚ್ಚಿ ಹಾಕಿದೆ. ಚಪ್ಪಟೆ ಟೀವಿಯಲ್ಲಿ ಆ ಬಣ್ಣ ಬರುವುದಿಲ್ಲ. ವೈರಿಂಗು ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಪ್ರತಿ ಗುಂಡಿಗೂ ಬಣ್ಣದ ವೈರು ಬೇರೆ ಬೇರೆ, ಕಪ್ಪು ವೈರು ಮಾತ್ರ ಒಂದೇ. ಅದು ಎಲ್ಲ ಗುಂಡಿಗಳನ್ನೂ ಮುಟ್ಟಿಕೊಂಡು ಹೋಗಬೇಕು. ಅದು ಮೊದಲಲ್ಲೇ ಕಿತ್ತುಬಂದರೆ ಒಂದು ಗುಂಡಿಯೂ ಕೆಲಸ ಮಾಡುವುದಿಲ್ಲ, ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ.

ಈಗ ನಿನಗೆ ಹೇಳಬೇಕಾದ ಮುಖ್ಯ ಸುದ್ದಿ. ಪ್ಲೈವುಡ್ ತರಲು ಹೊಸಕೋಟೆಗೆ ಹೋಗಿದ್ದೆ. ಚಿಂತಾಮಣಿ ರಸ್ತೆಯಲ್ಲಿ ಹೊಸ ಅಂಗಡಿ, ಗಲ್ಲೆಯ ಮೇಲೆ ಕೂತವನು ತಲೆ ಎತ್ತಿದ. ಬೈರೇಶ. ದಿನಾ ನಮ್ಮ ಅಂಗಡಿಗೆ ಆಡಲು ಬರುತ್ತಿದ್ದನಲ್ಲ, ಅವನೇ. ಕೂದಲು ಅರ್ಧ ಹೋಗಿದೆ, ಹೊಟ್ಟೆ ಬಂದಿದೆ, ಆದರೆ ಕಣ್ಣು ಅದೇ. ನನ್ನನ್ನು ನೋಡಿ ಎದ್ದು ನಿಂತುಬಿಟ್ಟ. ಹಲಗೆ ಆರಿಸಿದ್ದಾಯಿತು, ಅಳತೆಗೆ ಕೊಯ್ಸಿದ್ದಾಯಿತು. ಕೊನೆಗೆ ಅವನು ಬಿಲ್ಲು ಬರೆದ, ಎಡಗೈಯಲ್ಲಿ. ಅವತ್ತು ನಮ್ಮ ಅಪ್ಪನೂ ಚಿಕ್ಕಪ್ಪನೂ ಹೊಡೆದು ಮುರಿದ ಬಲಗೈ ಮಣಿಕಟ್ಟು ಸರಿಯಾಗಿ ಕೂಡಲೇ ಇಲ್ಲವಂತೆ.

ಬಿಲ್ಲು ಕೊಡುತ್ತಾ ಮೆಲ್ಲಗೆ ಕೇಳಿದ. "ಅವತ್ತು ಆ ಹೆಸ್ರು ನಾನ್ ಬರ್ದಿರ್ಲಿಲ್ಲ ಕಣಮ್ಮ. ಯಾರ್ ಬರ್ದ್ರು ಅಂತ ಇವತ್ಗೂ ಗೊತ್ತಿಲ್ಲ. ನಿಮ್ಗಾದ್ರೂ ಗೊತ್ತಾ?"

ಅಣ್ಣ, ಅವತ್ತು ನನಗೆ ಹದಿನೇಳು. ಆ ಬೆಳಿಗ್ಗೆ ನಾನು ಮೂರು ಲಕ್ಷ ದಾಟಿದೆ. ಮೊದಲ ಸಲ. ಹೆಸರು ಕೇಳಿದಾಗ ಕೈ ತಾನಾಗಿ ಡಿ ಕಡೆಗೆ ಹೋಯಿತು, ಅಲ್ಲೇ ನಿಂತಿತು. ಇಷ್ಟು ಹೊಡೆದವಳು ನಾನು, ಒಂದು ದಿನಕ್ಕಾದರೂ ನನ್ನ ಹೆಸರಿರಲಿ ಅನ್ನಿಸಿತು. ವಿ ಎನ್ ಐ ಅಂತ ಹಾಕಿದೆ. ಮೂರೇ ಅಕ್ಷರಕ್ಕೆ ಜಾಗ, ವಾಣಿ ಹಿಡಿಸಬೇಕಲ್ಲ. ಹೇಗೂ ಹನ್ನೊಂದರೊಳಗೆ ಕರೆಂಟು ಹೋಗುತ್ತದೆ, ಅಳಿಸಿಹೋಗುತ್ತದೆ ಅಂದುಕೊಂಡೆ. ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದ ಕರೆಂಟು ಆ ಶನಿವಾರ ಹೋಗಲೇ ಇಲ್ಲ.

ಹುಡುಗಿ ಗೇಮ್ ಆಡುತ್ತಾಳೆ ಅಂತ ಆ ಅಂಗಡಿಯಲ್ಲಿ ಯಾರ ತಲೆಗಾದರೂ ಬರುತ್ತಿತ್ತಾ? ರಾಮಾಂಜಿನಪ್ಪನ ಮಗಳ ಹೆಸರನ್ನು ಯಾವನೋ ಪ್ರೀತಿಯಿಂದ ಬರೆದಿದ್ದಾನೆ ಅಂದುಕೊಂಡರು. ಗೋಡೆ ಮೇಲೆ, ಬಸ್ಸಿನ ಸೀಟಿನ ಮೇಲೆ ಬರೆಯುವ ಹಾಗೆ. ದಿನಾ ಎರಡನೇ ಸ್ಥಾನದಲ್ಲಿ ಇರುತ್ತಿದ್ದವನು ಬೈರೇಶ, ಅವತ್ತು ಮೊದಲು ಒಳಗೆ ಬಂದವನೂ ಬೈರೇಶ. ಅಷ್ಟೇ ಸಾಕಾಯಿತು. ನಾನೇ ಆಡಿದ್ದು, ನಾನೇ ಬರೆದದ್ದು ಅಂತ ಹೇಳಿದೆ. ಹುಡುಗನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಅಂದರು. ಸೋಮವಾರದಿಂದ ಕಾಲೇಜು ಬಂದ್. ಎರಡನೇ ಪಿಯುಸಿ ಪರೀಕ್ಷೆಗೆ ಆರು ವಾರ ಇದೆ ಅನ್ನುವಾಗ ನನ್ನನ್ನು ಹದಿನಾಲ್ಕು ವರ್ಷ ದೊಡ್ಡವರಾದ ಆವಲಪ್ಪನವರಿಗೆ ಕೊಟ್ಟರು. ಪಾಲಿಟೆಕ್ನಿಕ್ಕಿನ ಅರ್ಜಿ ನನ್ನ ಟ್ರಂಕಿನಲ್ಲೇ ಉಳಿಯಿತು.

ಬೈರೇಶನಿಗೆ ಹೇಳಿದೆ. "ಬರೆದದ್ದು ನಾನೇ. ಆಡಿದ್ದೂ ನಾನೇ. ಆ ಡಿ ಇ ವಿ ಅನ್ನೋದೂ ನಾನೇ. ಅಣ್ಣಂಗೆ ಗೊತ್ತಿತ್ತು, ಅಪ್ಪನ ಭಯಕ್ಕೆ ಸುಮ್ನಿದ್ದ."

ಅವನು ಬಯ್ಯುತ್ತಾನೆ ಅಂತ ಕಾದೆ. ಅವನಿಗೆ ಬಯ್ಯುವ ಹಕ್ಕಿತ್ತು. ಅವನು "ಮೂರು ಲಕ್ಷ ನಲವತ್ತು ಸಾವ್ರ ನೀವ್ ಹೊಡ್ದಿದ್ದಾ?" ಅಂದ. ಆಮೇಲೆ, "ಆ ಎರಡ್ನೇ ಸೇತ್ವೆ ಹತ್ರ ಎರಡೂ ಕಡೆಯಿಂದ ಫಿರಂಗಿ ಬರ್ತವಲ್ಲ, ಅದ್ನ ಹೆಂಗ್ ದಾಟುದ್ರಿ?" ಅಂತ ಕೇಳಿದ. ಇಪ್ಪತ್ತೇಳು ವರ್ಷದಲ್ಲಿ ನನ್ನ ಆಟದ ಬಗ್ಗೆ ನನ್ನನ್ನು ಕೇಳಿದವನು ಅವನೊಬ್ಬನೇ. ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ, ಅಣ್ಣ. ಬಾಂಬು ಅಲ್ಲಿಯವರೆಗೂ ಉಳಿಸಿಕೊಳ್ಳಬೇಕು ಅಂತ ಹೇಳಿಕೊಟ್ಟೆ.

ಇನ್ನೊಂದು. ಮೊನ್ನೆ ಇವರು ಜಮೀನು ಉಳಿಸಿಕೊಳ್ಳಲು ಕೂತಿರುವ ರೈತರ ಧರಣಿ ಪೆಂಡಾಲಿನಿಂದ ಬೇಗ ಬಂದರು. ನಾನು ಪೆಟ್ಟಿಗೆ ಪರೀಕ್ಷೆ ಮಾಡುತ್ತಾ ಆಡುತ್ತಿದ್ದೆ. ಬಾಗಿಲಲ್ಲೇ ನಿಂತು ಪೂರ್ತಿ ಆಟ ನೋಡಿದರು. "ಇದ್ನ ಎಲ್ ಕಲ್ತೆ?" ಅಂದರು. ನಮ್ಮ ಮನೆ ಅಂಗಡಿಯಲ್ಲಿ, ಮದುವೆಗೆ ಮುಂಚೆ, ಅಂದೆ. ಪರದೆಯಲ್ಲಿ ನಾನು ವಿ ಎನ್ ಐ ಅಂತ ಹೆಸರು ಹಾಕಿದ್ದನ್ನು ನೋಡಿದರು. ಟವೆಲಿನಿಂದ ಮುಖ ಒರೆಸಿಕೊಂಡು ಮೆತ್ತಗೆ ಕೇಳಿದರು. "ಹಂಗಾರೆ ಆ ಹುಡ್ಗ?"

ಮದುವೆಗೆ ಮುಂಚೆಯೇ ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಇಪ್ಪತ್ತಾರು ವರ್ಷ ಆ ಹುಡುಗನನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನನ್ನ ಜೊತೆ ಉಂಡಿದ್ದಾರೆ, ಮಲಗಿದ್ದಾರೆ. ತವರಿಗೆ ಹೋಗುವಾಗಲೆಲ್ಲ ಜೊತೆಗೇ ಬಂದು ಜೊತೆಗೇ ಕರೆತರುತ್ತಿದ್ದರಲ್ಲ, ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ. ಅತ್ತಿಗೆಯ ಹತ್ತಿರ ಜಂಬ ಕೊಚ್ಚಿಕೊಂಡೂ ಇದ್ದೆ.

ಹುಡುಗ ಯಾರೂ ಇರಲಿಲ್ಲ ಅಂತ ಹೇಳಿದ್ದೇನೆ. ನಂಬಿದರೋ ಇಲ್ಲವೋ ತಿಳಿಯದು. "ನಿಮ್ಮಣ್ಣ ಹೇಳ್ಲಿ ನೋಡಾಣ" ಅಂದರು. ಅದಕ್ಕೇ ಇವರೂ ಅವತ್ತು ಬರುತ್ತಾರೆ. ಬೈರೇಶನನ್ನೂ ಕರೆದಿದ್ದೇನೆ. ಅಣ್ಣ, ಮೊದಲ ಕಾಗದದಲ್ಲಿ ಇದನ್ನು ತಮಾಷೆಯಾಗಿ ಬರೆದಿದ್ದೆ. ಈಗ ತಮಾಷೆಯಲ್ಲ. ನಿನ್ನ ಒಂದು ವಾಕ್ಯದ ಮೇಲೆ ನನ್ನ ಸಂಸಾರ ನಿಂತಿದೆ. ದಯವಿಟ್ಟು ಹೇಳು.

ಹೊಸ ಪೆಟ್ಟಿಗೆಯಲ್ಲಿ ಕರೆಂಟು ಹೋದರೂ ಹೆಸರು ಅಳಿಸದ ಹಾಗೆ ಮಾಡಿದ್ದೇನೆ. ವಿ ಎನ್ ಐ ಮೇಲಿನ ಸಾಲಿನಲ್ಲೇ ಇರುತ್ತದೆ. ಯಾರಾದರೂ ಯಾರದು ಅಂತ ಕೇಳೇ ಕೇಳುತ್ತಾರೆ. ನಿನಗೆ ಮಾತು ಶುರು ಮಾಡುವ ಕಷ್ಟವೂ ಇಲ್ಲ.

ನಿನ್ನ
ವಾಣಿ

ಚನ್ನರಾಯಪಟ್ಟಣ
24 ಅಕ್ಟೋಬರ್ 2024, ಗುರುವಾರ

ಅಣ್ಣನಿಗೆ,

ಭಾನುವಾರ ಊಟಕ್ಕೂ ನಿಲ್ಲದೆ ಹೊರಟುಬಂದೆ. ಅಮ್ಮನಿಗೆ ಹೇಳಿಯೂ ಬರಲಿಲ್ಲ. ಆಮೇಲೆ ಫೋನ್ ಎತ್ತಲಿಲ್ಲ. ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ, ಇದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಅಂಗಡಿ ಚೆನ್ನಾಗಿದೆ. ಸಿಂಚನ ಮೂಲೆಯಲ್ಲಿ ಪೆಟ್ಟಿಗೆಗೆ ಮೇಲಿನಿಂದ ಲೈಟು ಬಿಟ್ಟು, ಸೇವಂತಿಗೆ ಹಾರ ಹಾಕಿ, ಅರಿಶಿನ ಕುಂಕುಮ ಇಟ್ಟಿದ್ದಳು. ಟೆಂಪೊದಲ್ಲಿ ಚನ್ನರಾಯಪಟ್ಟಣದಿಂದ ಅರಿಶಿನಕುಂಟೆಯವರೆಗೆ ಬಂದರೂ ಒಂದು ವೈರೂ ಸಡಿಲವಾಗಿರಲಿಲ್ಲ. ಅಮ್ಮ ಕುರ್ಚಿಯಲ್ಲಿ ಕೂತು ಪೆಟ್ಟಿಗೆಯನ್ನು ದಿಟ್ಟಿಸಿ, "ಅದೇ ಮುಂಡೇದು ಇದ್ದಂಗೈತಲ್ಲೇ" ಅಂತ ಮುಖ ತಿರುಗಿಸಿಕೊಂಡಳು. ಅಮ್ಮನಿಗೆ ನೆನಪಿದೆ.

ನೀನು ಬಿಳಿ ಅಂಗಿ ಹಾಕಿಕೊಂಡು ಬೋರ್ಡಿನ ಕೆಳಗೆ ನಿಂತಿದ್ದೆ. ನಿನ್ನ ಗೆಳೆಯರು, ಲೇಔಟಿನ ಅಸೋಸಿಯೇಷನ್ನಿನವರು, ಸಿಂಚನಳ ಕಾಲೇಜಿನ ಹುಡುಗಿಯರು. ಬೈರೇಶ ಬಾಗಿಲ ಹತ್ತಿರ, ಬಲಗೈ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ನಿಂತಿದ್ದ. ನೀನು ಅವನನ್ನು ನೋಡಿದೆ. ನೋಡಿದ್ದನ್ನು ನಾನು ನೋಡಿದೆ. ಇವರು ಅಮ್ಮನ ಪಕ್ಕದಲ್ಲಿ ಕೂತಿದ್ದರು. ಸಿಂಚನ ಸ್ವಿಚ್ಚು ಹಾಕಿದಳು, ಟೀವಿ ಬೆಳಗಿತು, ವಿಮಾನ ಹಾರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಲಿನ ಸಾಲಿನಲ್ಲಿ ನನ್ನ ಹೆಸರು ಬಂತು.

ನಾನು ಬಯಸಿದ ಹಾಗೇ ಒಬ್ಬರು ಕೇಳಿದರು. "ಏನ್ ದೇವರಾಜ್, ನೀವು ಚಾಂಪಿಯನ್ ಅಂತೀರಿ, ಇಲ್ಯಾರೋ ವಿ ಎನ್ ಐ ಅಂತ ಮೇಲವ್ರೆ?"

ಇವರು ತಲೆ ಎತ್ತಿದರು. ಬೈರೇಶ ಎರಡು ಹೆಜ್ಜೆ ಮುಂದೆ ಬಂದ. ನೀನು ಪೆಟ್ಟಿಗೆಯ ತಲೆ ಮೇಲೆ ಕೈ ಇಟ್ಟು ಹೇಳಿದೆ. "ಅದಾ? ಅದು ಕಂಪ್ನಿ ಹೆಸ್ರು ಕಣ್ರೀ. ವೀಡಿಯೊ ನೆಟ್‌ವರ್ಕ್ ಇಂಡಿಯಾ. ಮಾಡ್ದೋರು ಹಾಕಿರ್ತಾರೆ."

ಎಷ್ಟು ಬೇಗ ಹೊಳೆಯಿತು ನಿನಗೆ! ಎಲ್ಲರೂ ಹೌದಾ ಅಂದರು. ಒಬ್ಬರು ಅದರ ಶೋರೂಮು ಎಲ್ಲಿದೆ ಅಂತಲೂ ಕೇಳಿದರು. ಇಪ್ಪತ್ತೇಳು ವರ್ಷದಲ್ಲಿ ಎರಡೇ ಸಲ ನನ್ನ ಹೆಸರನ್ನು ಪರದೆಯ ಮೇಲೆ ಬರೆದೆ. ಮೊದಲ ಸಲ ಯಾವನೋ ಪ್ರೇಮಿ ಬರೆದದ್ದು ಅಂದರು, ಈ ಸಲ ನೀನು ಯಾವುದೋ ಕಂಪನಿಯದು ಅಂದೆ. ಅದು ನಾನು ಅನ್ನುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಗಬಹುದು.

ಬೈರೇಶ ಕಾಫಿ ಲೋಟವನ್ನು ಮುಟ್ಟದೆ ಮೇಜಿನ ಮೇಲಿಟ್ಟು ಹೊರಟುಹೋದ. ಹೋಗುವಾಗ ನನ್ನ ಕಡೆ ನೋಡಿ ತಲೆಯಾಡಿಸಿದ. ಅವನಿಗೆ ನಿನ್ನಿಂದ ಕ್ಷಮೆ ಬೇಕಿರಲಿಲ್ಲ, ಅಣ್ಣ. ತಾನಲ್ಲ ಬರೆದದ್ದು ಅನ್ನುವುದನ್ನು ಒಬ್ಬರಾದರೂ ಬಾಯಿಬಿಟ್ಟು ಹೇಳಲಿ ಅಂತ ಅಷ್ಟು ದೂರ ಬಂದಿದ್ದ.

ಇಷ್ಟಕ್ಕೇ ನೀನು ನಿಲ್ಲಿಸಿದ್ದರೆ ನಾನು ಊಟ ಮಾಡಿಕೊಂಡೇ ಬರುತ್ತಿದ್ದೆನೋ ಏನೋ. ನುಂಗಿಕೊಳ್ಳುವುದು ನನಗೆ ಅಭ್ಯಾಸ. ಸಿಂಚನ ನನ್ನ ಕೈ ಹಿಡಿದು ಎಳೆದಳು. "ಅತ್ತೆ, ಮಾಡಿದ್ದು ನೀನು, ಮೊದಲ್ನೇ ಆಟ ನೀನೇ ಆಡ್ಬೇಕು." ಆಡುತ್ತೇನೆ ಅಂದುಕೊಂಡೇ ಎರಡು ಹೆಜ್ಜೆ ಇಟ್ಟೆ. ಬಾಯಲ್ಲಿ ಹೇಳದಿದ್ದರೆ ಬೇಡ, ಎಲ್ಲರೂ ಕಣ್ಣಾರೆ ನೋಡಲಿ, ಇವರೂ ನೋಡಲಿ ಅನ್ನಿಸಿತು. ಆಗ ನೀನು ನಗುತ್ತಾ ಅಂದೆ. "ಅಯ್ಯೋ ಬಿಡು ಪುಟ್ಟಿ, ಅವ್ಳಿಗೆ ಸ್ಟಿಕ್ ಹಿಡಿಯೋಕೂ ಬರಲ್ಲ. ವೈರ್ ಕಟ್ಟೋದು ಗೊತ್ತಷ್ಟೇ."

ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ, ಮನೆಯ ನಗು. ಸ್ಟಿಕ್ಕಿನ ಹತ್ತಿರ ಹೋಗಿದ್ದ ನನ್ನ ಕೈ ಮುಂದೆ ಹೋಗಲಿಲ್ಲ. ಬೇಡವೆಂದು ನಾನು ಹಿಂದೆ ತೆಗೆದದ್ದಲ್ಲ, ಅದಾಗಿ ನಿಂತುಬಿಟ್ಟಿತು. ಚಪ್ಪಲಿ ಹಾಕಿಕೊಂಡು ಈಚೆಗೆ ಬಂದೆ. ಇವರು ಹಿಂದೆಯೇ ಬಂದರು. ದೊಡ್ಡಬಳ್ಳಾಪುರ ದಾಟಿ ಬೈಕಿನಲ್ಲಿ ಊರಿಗೆ ಬಂದೆವು. ಮನೆಯ ಮುಂದೆ ಇಳಿದಾಗ, "ಕಂಪ್ನಿ ಹೆಸ್ರಂತಲ್ಲ" ಅಂದರು. ಅಷ್ಟೇ. ಒಳಗೆ ಹೋಗಿ ಮಲಗಿದರು. ಅವತ್ತಿನಿಂದ ಮಾತು ಬೇಕಾದಷ್ಟಕ್ಕೆ ಮಾತ್ರ.

ನಾನು ಅವರಿಗೆ ಆಡಿ ತೋರಿಸಿದ್ದೆನಲ್ಲ, ಕಣ್ಣಾರೆ ಕಂಡಿದ್ದಾರಲ್ಲ ಅಂತ ನೀನು ಕೇಳಬಹುದು. ಕಂಡಿದ್ದಾರೆ. ಈಗ ಆಡುತ್ತೇನೆ ಅಂದಮಾತ್ರಕ್ಕೆ ಆಗಲೂ ಆಡುತ್ತಿದ್ದೆ ಅಂತ ಯಾರು ಹೇಳಬೇಕು? ಅದನ್ನು ಕಂಡಿದ್ದವನು ಈ ಭೂಮಿಯ ಮೇಲೆ ನೀನೊಬ್ಬನೇ.

ಪೆಟ್ಟಿಗೆ ಸಿಂಚನಳದು. ಅವಳಿಗೆ ಅಂತ ಮಾಡಿದ್ದು, ವಾಪಸು ಕೇಳುವುದಿಲ್ಲ. ಸ್ಟಿಕ್ಕು ಬಿಗಿಯಾದರೆ ಕೆಳಗಿನ ಹಲಗೆ ಬಿಚ್ಚಿ ಎಣ್ಣೆ ಬಿಡಲಿ. ಕಪ್ಪು ವೈರನ್ನು ಮಾತ್ರ ಯಾರೂ ಎಳೆಯದಿರಲಿ. ಆ ಹೆಸರು ಕರೆಂಟು ತೆಗೆದರೆ ಹೋಗುವುದಿಲ್ಲ ಅಂತ ಆಗಲೇ ಬರೆದಿದ್ದೆ. ಅದನ್ನು ಮೇಲಿನಿಂದ ಇಳಿಸಲು ಒಂದೇ ದಾರಿ ಇದೆ, ನನಗಿಂತ ಹೆಚ್ಚು ಹೊಡೆಯುವುದು. ಅಂಗಡಿ ನಿನ್ನ ಮಗಳದು, ಕಾಯಿನ್ನೂ ಬೇಕಿಲ್ಲ, ವಯಸ್ಸೂ ಇದೆ. ಎರಡೇ ಗುಂಡಿ, ಅಣ್ಣ. ಆಡು.

ಸಿಂಚನಳ ಅಂಗಡಿ ಬೆಳೆಯಲಿ. ಅವಳ ಹೆಸರು ಅವಳ ಬೋರ್ಡಿನ ಮೇಲೆ ದಪ್ಪಕ್ಷರದಲ್ಲೇ ಇರಲಿ, ಯಾರೂ ಅದನ್ನು ಇನ್ನೊಬ್ಬರದು ಅಂತ ಓದದಿರಲಿ. ಅಮ್ಮನಿಗೆ ಮಂಡಿಗೆ ಹಚ್ಚುವ ಎಣ್ಣೆಯನ್ನು ಬೇರೆ ಕಳಿಸುತ್ತೇನೆ. ನೀನೂ ಆರೋಗ್ಯ ನೋಡಿಕೋ.

ಇತಿ,
ವಾಣಿಶ್ರೀ

ಕವರಿಗೆ ಅಂಟು ಹಚ್ಚುವ ಮೊದಲು ಇನ್ನೊಂದು ಮಾತು:

ಬೈರೇಶನಿಗೆ ನಾನು ಹೇಳಿದ್ದು ಸುಳ್ಳು. ನೀನು ಅವತ್ತು ಸುಮ್ಮನಿರಲಿಲ್ಲ. ಭಯಕ್ಕೆ ಸುಮ್ಮನಿದ್ದ ಅಂತ ನನಗೆ ನಾನೇ ಹೇಳಿ ಹೇಳಿ ಅದನ್ನೇ ನಂಬಿಕೊಂಡಿದ್ದೆ, ತವರು ಅಂತ ಒಂದು ಇರಲಿ ಅಂತ. ನಾನೇ ಆಡಿದ್ದು ಅಂದಾಗ ಅಪ್ಪ ಕೈ ಎತ್ತಿದ್ದವರು ತಡೆದು ನಿನ್ನ ಕಡೆ ತಿರುಗಿದರು. "ಏನ್ಲಾ ದೇವ, ಇವ್ಳು ಆಡ್ತಾಳಾ?" ಅಂದರು. ಆಗ ಅಪ್ಪನ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ನೀನು ಹೂಂ ಅಂದಿದ್ದರೆ ನನಗೆ ಎರಡು ಏಟು ಬೀಳುತ್ತಿತ್ತು. ಎರಡೇ ಏಟು. ಸೋಮವಾರ ಕಾಲೇಜಿಗೆ ಹೋಗುತ್ತಿದ್ದೆ. ನೀನು ನಕ್ಕೆ. ನಕ್ಕು, "ಅವ್ಳಿಗೆ ಸ್ಟಿಕ್ ಹಿಡಿಯೋಕೂ ಬರಲ್ಲ ಕಣಪ್ಪ" ಅಂದೆ.

ಭಾನುವಾರ ಅದೇ ಮಾತು, ಅದೇ ನಗು. ಬೇಕೆಂದು ಅಂದೆಯೇನೋ ಅಂತ ನಿನ್ನ ಮುಖವನ್ನೇ ನೋಡಿದೆ. ಇಲ್ಲ. ನಿನಗೆ ಅದು ನೆನಪೇ ಇಲ್ಲ, ಅಣ್ಣ.